ವಾರ್ಡಿಗೆ ಬಂದ ಫೋನು

ಜೂನ್ 3, ಸೋಮವಾರ

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ನರ್ಸುಗಳನ್ನೆಲ್ಲ ಡ್ರೆಸ್ಸಿಂಗ್ ರೂಮಿಗೆ ಕರೆದು ಒಬ್ಬೊಬ್ಬರ ಕೈಗೂ ಒಂದೊಂದು ಮೊಬೈಲು ಇಟ್ಟರು. ಮಾತಾಡಲು ಅಲ್ಲವಂತೆ, ಓದಲು. ಔಷಧಿಗಳ ಹೆಸರು, ಪ್ರಮಾಣ, ಯಾವುದರ ಜೊತೆ ಯಾವುದನ್ನು ಕೊಡಬಾರದು, ಹೊಟ್ಟೆಗೆ ಏನು ಹೋದರೆ ಏನು ಮಾಡಬೇಕು, ಎಲ್ಲ ಅದರೊಳಗೇ ತುಂಬಿದ್ದಾರಂತೆ. ನೆಟ್‌ವರ್ಕ್ ಇಲ್ಲದಿದ್ದರೂ ತೆರೆದುಕೊಳ್ಳುತ್ತದಂತೆ. ಆಗಸ್ಟಿನವರೆಗೆ ಬಳಸಿ ನೋಡುವುದು. ಪ್ರಯೋಜನ ಕಂಡರೆ ಇಲ್ಲೇ ಉಳಿಯುತ್ತವೆ, ಇಲ್ಲವಾದರೆ ಕೊಟ್ಟವರೇ ಬಂದು ಎತ್ತಿಕೊಂಡು ಹೋಗುತ್ತಾರೆ.

"ನಾನು ಇಲ್ಲಿರೋದು ಮಧ್ಯಾಹ್ನದ ತನಕ. ಆಮೇಲೆ ಇನ್ನೊಂದು ಆಸ್ಪತ್ರೆ. ನಾನಿಲ್ಲದಾಗ ನಿಮಗೊಂದು ಆಸರೆ ಇರಲಿ ಅಂತ," ಎಂದರು ಡಾಕ್ಟರಮ್ಮ.

ಆಸರೆಯಂತೆ! ಡಾಕ್ಟರಮ್ಮ ಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದ ನಾನು ಈ ವಾರ್ಡಿನಲ್ಲಿದ್ದೇನೆ. ಹೊಸ ಹುಡುಗಿಯರು "ದೊಡ್ಡ ಸಿಸ್ಟರ್, ಇದನ್ನ ಎಷ್ಟು ಹಾಕ್ಲಿ?" ಎಂದು ಕೇಳಿದರೆ ಕೈಯಲ್ಲಿರುವ ಸಿರಿಂಜಿನಿಂದ ಕಣ್ಣು ಕೀಳದೆ ಹೇಳುತ್ತೇನೆ. ಇಷ್ಟು ವರ್ಷ ನನ್ನ ತಲೆಗೆ ಚಾರ್ಜರ್ ಬೇಕಾಗಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಕುಣಿದವಳು ಪಟಾಕಿ. ನಮ್ಮಲ್ಲಿ ತೀರಾ ಚಿಕ್ಕವಳು, ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ದಿನ ಆಗಿಲ್ಲ. ನಕ್ಕರೆ ಮೂರು ಕೋಣೆಗೆ ಕೇಳಿಸುವುದರಿಂದ ಆ ಹೆಸರು. ಅವಳು ಪೆಟ್ಟಿಗೆ ಬಿಚ್ಚುವ ಮೊದಲೇ ಫೋನು ಬಿಚ್ಚಿದ್ದಳು. ನನ್ನದನ್ನು ತೆರೆದು ತೋರಿಸಿದಳು. ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಅಷ್ಟು ಸಣ್ಣದಾಗಿ ಬರೆದರೆ ಯಾರು ತಾನೇ ಓದುತ್ತಾರೆ? ಮಾಡಿದವರಿಗೆ ಬುದ್ಧಿ ಬೇಡವೇ?

ಇದನ್ನೆಲ್ಲ ಯಾರ ಮುಂದೆ ಹೇಳಲಿ? ಔಷಧಿ ಕಂಪನಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇದಕ್ಕಾದರೂ ಎದುರು ಮಾತಾಡಲು ಬಾಯಿಲ್ಲ.

ಜೂನ್ 5, ಬುಧವಾರ

ಮನೆಯವರಿಗೆ ಫೋನು ತೋರಿಸಿದೆ. ಗಡಿಯಾರ ರಿಪೇರಿ ಮಾಡುವವರಿಗೆ ಫೋನು ತೋರಿಸುವುದೆಂದರೆ ಇಲಿಗೆ ಬೆಕ್ಕನ್ನು ಪರಿಚಯ ಮಾಡಿಸಿದಂತೆ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ ಅದನ್ನು ಹಿಂದೆ ಮುಂದೆ ತಿರುಗಿಸಿದರು.

"ಮೊದಲು ನನ್ನ ಗಿರಾಕಿಗಳನ್ನ ನುಂಗ್ತು. ಈಗ ಹೆಂಡತೀನೂ ನುಂಗುತ್ತಾ?"

"ನುಂಗೋಕೆ ನಾನೇನು ಮಾತ್ರೆನಾ?"

"ನೀನು ಇಂಜೆಕ್ಷನ್," ಎಂದರು.

ಒಳಗಿನಿಂದ ಅತ್ತೆ, "ಟೈಮ್ ಎಷ್ಟು ಅಂತ ಅದನ್ನೇ ಕೇಳಿ ಹೇಳೋ, ನಿನ್ನ ಗೋಡೆ ಗಡಿಯಾರ ನಿಂತು ಎಷ್ಟು ಕಾಲ ಆಯ್ತು!" ಎಂದರು. ಇವರು ಫೋನನ್ನು ನನ್ನ ಕೈಗೆ ವಾಪಸ್ಸಿಟ್ಟರು.

ವಾರ್ಡಿನಲ್ಲಿ ಫೋನನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ತಿರುಗಿದೆ. ತೆಗೆಯುವ ಅಗತ್ಯ ಬೀಳಲಿಲ್ಲ. ಒಂದು ಸಲ ಡಾಕ್ಟರಮ್ಮ, "ಇದರ ಪ್ರಮಾಣ ಒಮ್ಮೆ ನೋಡಿ ಸಿಸ್ಟರ್," ಎಂದಾಗ, "ಕೈ ಒದ್ದೆ ಇದೆ, ಪಟಾಕಿ, ನೀನು ಓದು," ಎಂದೆ.

ಜೂನ್ 10, ಸೋಮವಾರ

ಆಗಬೇಕಾದ್ದು ಆಯಿತು. ರೋಗಿಯನ್ನು ನೋಡಲು ಬಂದಿದ್ದ ಒಬ್ಬಾತ ಆಫೀಸಿಗೆ ಹೋಗಿ, "ನಮ್ಮಣ್ಣ ನರಳ್ತಾ ಮಲಗಿದಾನೆ, ಸಿಸ್ಟರ್ ಮೊಬೈಲ್ ಉಜ್ಜುತ್ತಾ ನಿಂತಿದಾರೆ," ಎಂದು ಕೂಗಾಡಿದ. ಪಾಪ, ಪಟಾಕಿ ನೋಡುತ್ತಿದ್ದುದು ಅವನ ಅಣ್ಣನ ಔಷಧಿಯನ್ನೇ. ಅವಳ ಮುಖ ಬಾಡಿಹೋಯಿತು. ಸಂಜೆಯವರೆಗೂ ನಗುವೇ ಇಲ್ಲ, ವಾರ್ಡೇ ಸತ್ತ ಹಾಗಿತ್ತು.

ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವಳನ್ನು ಸ್ಟೋರ್ ರೂಮಿಗೆ ಕರೆದು ಹೇಳಿದೆ, "ನೋಡು, ಬಾಯಿ ಮುಚ್ಕೊಂಡು ಓದಿದ್ರೆ ಮೆಸೇಜು ಓದ್ತಿದಾಳೆ ಅಂತಾರೆ. ರೋಗಿ ಪಕ್ಕ ನಿಂತು ಗಟ್ಟಿಯಾಗಿ ಓದು. ನಿಮ್ಮ ಮಾತ್ರೆ ಬಗ್ಗೆ ನೋಡ್ತಿದೀನಿ, ಊಟ ಆದ್ಮೇಲೆ ತಗೋಬೇಕಂತೆ ಅಂತ ಅವರಿಗೇ ಹೇಳು."

ಅವಳು ಹಾಗೆಯೇ ಮಾಡಿದಳು. ಕಿಟಕಿ ಪಕ್ಕದ ಹಾಸಿಗೆಯ ಕಾಮೆಂಟರಿ ತಾತನಿಗೆ ಇದು ಬಹಳ ಹಿಡಿಸಿತು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಅವರು ಬಹುಕಾಲದಿಂದ ಇಲ್ಲೇ ಇದ್ದಾರೆ. ವಾರ್ಡಿನಲ್ಲಿ ಸೊಳ್ಳೆ ಹಾರಿದರೂ ಅದರ ವರದಿ ಒಪ್ಪಿಸುತ್ತಾರೆ. "ಈಗ ಪಟಾಕಿ ಸಿಸ್ಟರ್ ಮೂರನೇ ಹಾಸಿಗೆ ಕಡೆ ಬರ್ತಿದಾರೆ, ಕೈಯಲ್ಲಿ ಫೋನು, ಮೂರನೇ ಹಾಸಿಗೆ ಎದ್ದು ಕೂತ್ಕೊಂಡ, ಕಿವಿ ನೆಟ್ಟಗೆ ಮಾಡ್ದ..."

ಪಟಾಕಿ ಮತ್ತೆ ಸಿಡಿದಳು.

ಜೂನ್ 14, ಶುಕ್ರವಾರ

ಇವತ್ತಿನದನ್ನು ಬರೆಯಲೋ ಬೇಡವೋ. ಬರೆಯುತ್ತೇನೆ, ಇದನ್ನು ಓದುವವರು ಯಾರಿದ್ದಾರೆ?

ಬೆಳಿಗ್ಗೆ ಹೊರಡುವಾಗ ಇವರ ಕೆಲಸದ ಮೇಜಿನ ಮೇಲೆ ಹಳೆಯ ಭೂತಗನ್ನಡಿ ಬಿದ್ದಿತ್ತು. ಕಣ್ಣಿನ ಗುಳಿಗೆ ಸಿಕ್ಕಿಸಿಕೊಳ್ಳುವಂಥದ್ದು. ಇವರ ಬಳಿ ಹೊಸದು ಇದೆ. ಹಳೆಯದು ಯಾಕೆ ಸುಮ್ಮನೆ ಧೂಳು ತಿನ್ನಬೇಕು ಎಂದು ಚೀಲಕ್ಕೆ ಹಾಕಿಕೊಂಡೆ.

ಮಧ್ಯಾಹ್ನ ಊಟದ ಹೊತ್ತಿಗೆ ಸ್ಟೋರ್ ರೂಮಿನಲ್ಲಿ ಬಾಗಿಲು ಒರಗಿಸಿ, ಹತ್ತಿಯ ಮೂಟೆಯ ಮೇಲೆ ಕುಳಿತು, ಅದನ್ನು ಕಣ್ಣಿಗೆ ಸಿಕ್ಕಿಸಿ ಫೋನು ತೆರೆದೆ. ಅಬ್ಬಾ, ಒಂದೊಂದು ಅಕ್ಷರವೂ ಬಾಗಿಲಿನಷ್ಟು ದೊಡ್ಡದು! ಒಂದು ಶಬ್ದ ಓದಿ ಫೋನನ್ನು ಸರಿಸಬೇಕು, ಇನ್ನೊಂದು ಶಬ್ದ ಓದಿ ಮತ್ತೆ ಸರಿಸಬೇಕು. ಸುಟ್ಟಗಾಯದ ಬಗ್ಗೆ ಇದ್ದದ್ದನ್ನು ಅಷ್ಟೂ ಓದಿದೆ. ಹೆಚ್ಚಿನದು ನನಗೆ ಗೊತ್ತಿದ್ದದ್ದೇ. ಆದರೆ ಮಕ್ಕಳಿಗೆ ಡ್ರಿಪ್ಪಿನಲ್ಲಿ ಕೊಡುವ ನೀರು ಲೆಕ್ಕ ಹಾಕುವ ವಿಧಾನ ನಾನು ಕಲಿತ ಕಾಲದ್ದಲ್ಲ, ಬದಲಾಗಿದೆ. ಯಾವಾಗ ಬದಲಾಯಿತು? ನನಗೆ ಯಾರೂ ಹೇಳಲೇ ಇಲ್ಲವಲ್ಲ!

ಹೀಗೆ ಓದುತ್ತಿದ್ದಾಗ ಬಾಗಿಲು ತೆರೆಯಿತು. ಕಾಮೆಂಟರಿ ತಾತ, ಊರುಗೋಲು ಹಿಡಿದು, ಶೌಚಾಲಯದ ದಾರಿ ತಪ್ಪಿದವರಂತೆ ನಟಿಸುತ್ತ. ನನ್ನನ್ನು ನೋಡಿದರು. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಕೊಳವೆ ಇಟ್ಟುಕೊಂಡಿದ್ದ ನನ್ನನ್ನು.

ಜನ್ಮದಲ್ಲೇ ಮೊದಲ ಬಾರಿಗೆ ತಾತನಿಗೆ ಮಾತು ಹೊರಡಲಿಲ್ಲ. ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದರು.

ಜೂನ್ 15, ಶನಿವಾರ

ಮನೆಯಲ್ಲಿ ಹಳೆಯ ಭೂತಗನ್ನಡಿಗಾಗಿ ಹುಡುಕಾಟ. ಹೊಸದಕ್ಕಿಂತ ಅದೇ ಕೈಗೆ ಒಗ್ಗಿದ್ದಂತೆ. ಮಂಚ ಸರಿಸಿದರು, ಡಬ್ಬಿ ಮಗುಚಿದರು. ನಾನೂ ಜೊತೆಗೆ ಹುಡುಕಿದೆ.

ಜೂನ್ 19, ಬುಧವಾರ

ಅತ್ತೆಗೆ ಮೊಣಕಾಲು ನೋವು. ಪಕ್ಕದ ಮನೆಯಾಕೆ ಕೊಟ್ಟ ನೋವಿನ ಮಾತ್ರೆಯನ್ನು ವಾರದಿಂದ ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಇವತ್ತು ತಿಳಿಯಿತು. ಕಾಲು ಊದಿಕೊಂಡಿದೆ. ಅವರಿಗೆ ಬಿ.ಪಿ. ಮಾತ್ರೆಯೂ ಇದೆ. ಎರಡೂ ಸೇರಿದರೆ ಏನೋ ತೊಂದರೆ ಎಂದು ನೆನಪು, ಆದರೆ ಏನೆಂದು ಖಚಿತವಿರಲಿಲ್ಲ.

"ತಾಳಿ ಅತ್ತೆ, ನೋಡಿ ಹೇಳ್ತೀನಿ," ಎಂದು ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ನಿಂತು ಓದಿದೆ. ಮೂತ್ರಪಿಂಡಕ್ಕೆ ಪೆಟ್ಟು, ಬಿ.ಪಿ. ಏರುತ್ತದೆ, ಊತ ಬರಬಹುದು. ಬಂದು ಹೇಳಿದೆ, "ಆ ಮಾತ್ರೆ ಬಿಡಿ. ನಾಳೆ ಡಾಕ್ಟರಮ್ಮನ ಹತ್ರ ಬೇರೆ ಕೇಳ್ಕೊಂಡು ಬರ್ತೀನಿ."

"ಆ ಫೋನಿಗೆ ವಯಸ್ಸೆಷ್ಟು?" ಎಂದರು ಅತ್ತೆ.

"ಒಂದು ವರ್ಷ ಇರಬಹುದು."

"ನನ್ನ ಮೊಣಕಾಲಿಗೆ ಎಂಬತ್ತು. ಯಾರು ಯಾರಿಗೆ ಬುದ್ಧಿ ಹೇಳ್ತಿದಾರೆ?"

ಆದರೂ ಮಾತ್ರೆ ಬಿಟ್ಟರು. ಆಮೇಲೆ ಸಂಜೆ, ಮಗ ಊಟಕ್ಕೆ ಕೂತಾಗ, ಏನೂ ಅರಿಯದ ಮಗುವಿನಂತೆ ಹೇಳಿದರು, "ನಿನ್ನ ಕಳೆದುಹೋದ ಗಾಜು ನಿನ್ನ ಹೆಂಡತಿ ಕಣ್ಣಲ್ಲಿದೆ ನೋಡೋ."

ಇವರು ನನ್ನನ್ನು ನೋಡಿದರು. ನಾನು ತಟ್ಟೆಯನ್ನು ನೋಡಿದೆ.

ಜೂನ್ 22, ಶನಿವಾರ

ಇವರು ನಗಲಿಲ್ಲ, ಬೈಯಲೂ ಇಲ್ಲ. ಬೆಳಿಗ್ಗೆ ಅಂಗಡಿಗೆ ಬಾಗಿಲು ಹಾಕಿ, "ಬಾ," ಎಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿಯವನು ಒಂದೊಂದೇ ಗಾಜು ಹಾಕಿ ಕೇಳುತ್ತ ಹೋದ. ನಾನು ಎಲ್ಲದಕ್ಕೂ "ಕಾಣಿಸ್ತಿದೆ" ಎಂದೆ. ಇವರು ಮೆಲ್ಲಗೆ, "ಕಾಣಿಸ್ದೇ ಇರೋದನ್ನ ಕಾಣಿಸಲ್ಲ ಅನ್ನು, ಇಲ್ಲಿ ಮಾರ್ಕ್ಸ್ ಕೊಡಲ್ಲ," ಎಂದರು.

ಕನ್ನಡಕ ಬಂತು. ಹಾಕಿಕೊಂಡರೆ ಥೇಟ್ ನಮ್ಮ ಹಳೇ ಹೆಡ್‌ಮಿಸ್ಟ್ರೆಸ್. ಮನೆಗೆ ಬಂದು ಮೊದಲು ಕಂಡದ್ದು ಅಡುಗೆಮನೆಯ ಮೂಲೆಯ ಜೇಡರ ಬಲೆ. ಇಷ್ಟು ದಿನ ಅತ್ತೆ ಅದನ್ನು ನೋಡಿಯೂ ಸುಮ್ಮನಿದ್ದರೆಂದರೆ ಅವರು ನಿಜಕ್ಕೂ ಒಳ್ಳೆಯವರು.

ಜುಲೈ 2, ಮಂಗಳವಾರ

ನಿಧಾನವಾಗಿ, ಆದದ್ದನ್ನು ಆದಂತೆಯೇ ಬರೆಯಬೇಕು.

ಮಧ್ಯಾಹ್ನ ಡಾಕ್ಟರಮ್ಮ ಹೊರಟುಹೋದ ಮೇಲೆ ಒಬ್ಬ ಬಸುರಿ, ಜೊತೆಗೆ ಅವಳ ಅತ್ತೆ, ಸೊಂಟದ ಮೇಲೆ ಎರಡು ವರ್ಷದ ಹೆಣ್ಣುಮಗು. ಬಸುರಿಯ ಗುರುತು ಸಿಕ್ಕಿತು. ಹೋದ ವಾರ ರಕ್ತ ಕಡಿಮೆಯಿದೆ ಎಂದು ನಾನೇ ಅವಳಿಗೆ ಕಬ್ಬಿಣಾಂಶದ ಕೆಂಪು ಮಾತ್ರೆ ಕೊಟ್ಟಿದ್ದೆ.

"ಸಿಸ್ಟರ್, ಬೆಳಿಗ್ಗೆ ಇವಳು ನನ್ನ ಮಾತ್ರೆ ತಿಂದುಬಿಟ್ಟಿದಾಳೆ. ಎಷ್ಟು ತಿಂದಳೋ ಗೊತ್ತಿಲ್ಲ, ಪಟ್ಟಿ ಪೂರ್ತಿ ಖಾಲಿ," ಎಂದಳು. ಮಗುವಿನ ತುಟಿಗೆ ಬಣ್ಣ ಹತ್ತಿ, ಮದುವೆಗೆ ಹೊರಟ ಹಾಗಿತ್ತು. ಬೆಳಿಗ್ಗೆಯೆಲ್ಲ ವಾಂತಿ ಮಾಡಿ, ಅತ್ತು, ಮಲಗಿ, ಈಗ ಎದ್ದಿದೆಯಂತೆ. ಎದ್ದ ಮಗು ನನ್ನ ಕನ್ನಡಕಕ್ಕೆ ಕೈ ಹಾಕಿತು.

"ವಾಂತಿ ನಿಂತಿದೆ, ಆಡ್ತಾ ಇದೆ. ಬೇಡ ಅಂದ್ರೂ ಕೇಳ್ದೆ ಓಡಿ ಬಂದ್ಳು," ಎಂದರು ಅವಳ ಅತ್ತೆ.

ನಾಡಿ ನೋಡಿದೆ, ಹೊಟ್ಟೆ ಮುಟ್ಟಿದೆ. "ರಕ್ತ ಆಗೋಕೆ ಕೊಡೋ ಟಾನಿಕ್ ಅದು, ವಿಷ ಅಲ್ಲ. ಹೆಚ್ಚಾಗಿದ್ದು ವಾಂತೀಲಿ ಹೋಗಿದೆ. ನೀರು ಕುಡಿಸಿ, ಮನೆಗೆ ಕರ್ಕೊಂಡು ಹೋಗಿ," ಎಂದೆ.

ಅವರು ಹೋದರು. ಅವಳು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಏನೋ ಕೇಳಬೇಕೆಂದಿದ್ದಳು, ಕೇಳಲಿಲ್ಲ.

ಪಟಾಕಿ, "ಒಂದ್ಸಲ ಫೋನಲ್ಲಿ ನೋಡೋದಾ ದೊಡ್ಡ ಸಿಸ್ಟರ್?" ಎಂದಳು.

"ನೋಡೋಣ. ಅದೂ ನಾನು ಹೇಳಿದ್ದನ್ನೇ ಹೇಳುತ್ತೆ," ಎಂದು ಕನ್ನಡಕ ಸರಿಮಾಡಿಕೊಂಡು ನಾನೇ ತೆರೆದೆ.

ಅದು ನಾನು ಹೇಳಿದ್ದನ್ನು ಹೇಳಲಿಲ್ಲ. ಚಿಕ್ಕ ಮಕ್ಕಳಿಗೆ ಈ ಮಾತ್ರೆ ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಮೊದಲು ವಾಂತಿ. ಆಮೇಲೆ ಕೆಲವು ಗಂಟೆ ಮಗು ಚೇತರಿಸಿಕೊಂಡಂತೆ ಕಾಣುತ್ತದೆ. ಈ ಚೇತರಿಕೆಯನ್ನು ನಂಬಿ ಮನೆಗೆ ಕಳಿಸಬೇಡಿ.

ಎರಡನೇ ಸಲ ಓದಲು ನಿಲ್ಲಲಿಲ್ಲ.

ಗೇಟು ದಾಟುವಷ್ಟರಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಅದನ್ನು ಅಲ್ಲೇ ಬಿಟ್ಟು ಒಂದೇ ಚಪ್ಪಲಿಯಲ್ಲಿ ಓಡಿದೆ. ಚಹಾ ಅಂಗಡಿ, ಜೆರಾಕ್ಸ್ ಅಂಗಡಿ, ಸೈಕಲ್ ಅಂಗಡಿ. ಸ್ಟಾಪಿನಲ್ಲಿ ಅವರು ಹತ್ತಿದ ಬಸ್ಸು ಹೊರಟೇಬಿಟ್ಟಿತ್ತು. ಅದರ ಪಕ್ಕೆಗೆ ಅಂಗೈಯಿಂದ ಬಡಿದೆ.

"ಜಾಗ ಇಲ್ಲ ಸಿಸ್ಟರ್, ಹಿಂದಿನ ಬಸ್ಸಿಗೆ ಬನ್ನಿ," ಎಂದ ಕಂಡಕ್ಟರ್.

"ನಿಲ್ಲಿಸಪ್ಪಾ! ಹತ್ತೋಕಲ್ಲ, ಇಳಿಸೋಕೆ!"

ನಿಂತಿತು. ಕಿಟಕಿಯಲ್ಲಿ ಆ ಹುಡುಗಿಯ ಮುಖ. ಉಸಿರು ಸಿಕ್ಕಷ್ಟಕ್ಕೆ ಕೂಗಿದೆ, "ನಾನು ಹೇಳಿದ್ದು ತಪ್ಪಮ್ಮಾ. ಮಗೂನ ಕೆಳಗೆ ತಾ."

"ಆಗ್ಲೇ ಏನೂ ಇಲ್ಲ ಅಂದ್ರಲ್ಲ?" ಎಂದರು ಅವಳ ಅತ್ತೆ. ಬಸ್ಸಿಗೆ ಬಸ್ಸೇ ನನ್ನ ಕಡೆ ನೋಡುತ್ತಿತ್ತು.

"ಅಂದೆ. ನನಗೆ ಸರಿಯಾಗಿ ಗೊತ್ತಿರಲಿಲ್ಲ. ಈಗ ನೋಡ್ದೆ, ಅದಕ್ಕೇ ಓಡಿಬಂದೆ."

ಅವಳು ಅತ್ತೆಯ ಮಾತಿಗೆ ಕಾಯಲಿಲ್ಲ. ಆ ಬಸುರು ಹೊತ್ತುಕೊಂಡು, ಮಗುವನ್ನು ಅವುಚಿಕೊಂಡು, ಜನರ ಕಾಲು ತುಳಿದುಕೊಂಡು ಇಳಿದಳು.

ವಾರ್ಡಿಗೆ ಬಂದು ಡಾಕ್ಟರಮ್ಮನಿಗೆ ಫೋನು ಮಾಡಿ, ನಡೆದದ್ದನ್ನು ಹೇಳಿ, ಆ ಮೊಬೈಲಿನಲ್ಲಿ ಬರೆದಿದ್ದನ್ನು ಓದಿದೆ. "ನಾನೂ ಇಂಥ ಕೇಸು ಒಂದೇ ಒಂದು ನೋಡಿರೋದು ಸಿಸ್ಟರ್. ಡ್ರಿಪ್ ಹಾಕಿ, ಆಂಬುಲೆನ್ಸ್ ಕರೀರಿ. ಇದಕ್ಕೆ ಬೇಕಾದ ಇಂಜೆಕ್ಷನ್ ದೊಡ್ಡಾಸ್ಪತ್ರೇಲಿದೆ, ನಾನು ಅಲ್ಲಿಗೆ ಹೇಳಿ ಇಡ್ತೀನಿ," ಎಂದರು. ಆ ಪುಟ್ಟ ಕೈಯಲ್ಲಿ ನರ ಹುಡುಕಿದೆ. ಹೊಸ ಕನ್ನಡಕವಿಲ್ಲದಿದ್ದರೆ ಸಿಗುತ್ತಿರಲಿಲ್ಲವೇನೋ. ಆಂಬುಲೆನ್ಸ್ ಬರುವಷ್ಟರಲ್ಲಿ, ಆಡುತ್ತಿದ್ದ ಮಗು ತಾಯಿಯ ಹೆಗಲ ಮೇಲೆ ತಲೆ ಹಾಕಿತು. ಅಂಗಾಲು ತಣ್ಣಗಾಗುತ್ತಿತ್ತು.

ಪಟಾಕಿ ಜೊತೆಗೆ ಹೋದಳು.

ಚಪ್ಪಲಿಯನ್ನು ವಾಪಸ್ಸು ಹುಡುಕಿಕೊಂಡು ಹೋದರೆ ಚಹಾ ಅಂಗಡಿಯವನು ಎತ್ತಿಟ್ಟಿದ್ದ. ಎಂಥ ಗಟ್ಟಿ ಚಪ್ಪಲಿ ಎಂದುಕೊಂಡಿದ್ದೆ! ಚಪ್ಪಲಿ ಅಂಗಡಿಯವನು ಐದು ವರ್ಷ ಅಲುಗಾಡುವುದಿಲ್ಲ ಎಂದು ಆಣೆ ಮಾಡಿ ಕೊಟ್ಟಿದ್ದ. ಹೊಲಿಗೆ ಹಾಕುವವನು ತಿರುಗಿಸಿ ನೋಡಿ, "ಇದನ್ನ ಹಾಕ್ಕೊಂಡು ಓಡಿದ್ರಾ? ಇದು ನಡೆಯೋ ಚಪ್ಪಲಿ," ಎಂದ. ಓಡುವ ಚಪ್ಪಲಿ ಬೇರೆ ಇದೆಯಂತೆ. ನಾಳೆ ಕೊಡುತ್ತಾನೆ.

ಜುಲೈ 3, ಬುಧವಾರ

ರಾತ್ರಿ ಮಗುವಿನ ಸ್ಥಿತಿ ಕೆಟ್ಟಿತ್ತಂತೆ. ಇನ್ನೂ ಏನೂ ಹೇಳಲಾಗದಂತೆ. ಊಟ ಸೇರಲಿಲ್ಲ. ಇವರೇ ಪಾತ್ರೆ ತೊಳೆದರು.

ಜುಲೈ 5, ಶುಕ್ರವಾರ

ಮಗು ಕಣ್ಣು ಬಿಟ್ಟಿದೆ! ಹಾಲು ಕೇಳಿತಂತೆ, ಕೊಟ್ಟ ಲೋಟವನ್ನು ದೊಡ್ಡಾಸ್ಪತ್ರೆಯ ನರ್ಸಿನ ಮೇಲೆ ಎಸೆಯಿತಂತೆ. ಪಟಾಕಿ ವರಾಂಡದ ಆ ತುದಿಯಿಂದಲೇ ಕೂಗುತ್ತ ಓಡಿಬಂದಳು. "ಎಸೀತು ಸಿಸ್ಟರ್! ಎಸೀತು!" ಲೋಟ ಎಸೆದದ್ದಕ್ಕೆ ಇಷ್ಟು ಸಂಭ್ರಮಪಟ್ಟವರನ್ನು ನಾನು ಎಲ್ಲೂ ಕಂಡಿಲ್ಲ. ತಾತ ಅದನ್ನು ಇಡೀ ವಾರ್ಡಿಗೆ ಒಪ್ಪಿಸಿದರು. ಅವರ ವರದಿಯಲ್ಲಿ ಲೋಟ ಗೋಡೆಯವರೆಗೆ ಹಾರಿತು.

ನಾನು ಸ್ಟೋರ್ ರೂಮಿಗೆ ಹೋಗಿ ಹತ್ತಿಯ ಮೂಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದೆ.

ಜುಲೈ 9, ಮಂಗಳವಾರ

ಡಾಕ್ಟರಮ್ಮ ಮೀಟಿಂಗ್ ಕರೆದಿದ್ದರು. "ಆ ದಿನದ ವಿಷಯ ಎಲ್ಲರಿಗೂ ಹೇಳ್ತೀರಾ ಸಿಸ್ಟರ್? ನಿಮಗೆ ಮುಜುಗರ ಅನ್ಸಿದ್ರೆ ಬೇಡ," ಎಂದರು. ಇದರಲ್ಲಿ ಮುಜುಗರವೇನು? ಮನೆಗೆ ಕಳಿಸಿದ್ದು, ಓದಿದ್ದು, ಓಡಿದ್ದು, ಎಲ್ಲ ಹೇಳಿದೆ. ಚಪ್ಪಲಿಯ ಕಥೆಗೆ ಎಲ್ಲರೂ ನಕ್ಕರು. ಡಾಕ್ಟರಮ್ಮ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದರು. ಯಾಕೋ ಗೊತ್ತಿಲ್ಲ, ಮಾತ್ರೆ ಕೊಡುವಾಗ ನಾವು ಹೇಳಬೇಕಾದ ಮಾತುಗಳನ್ನು ಅವರೂ ಹೊಸದಾಗಿ ಯೋಚಿಸುತ್ತಿದ್ದರೇನೋ.

ಮಧ್ಯಾಹ್ನ ಪಟಾಕಿ ಕೇಳಿದಳು, "ದೊಡ್ಡ ಸಿಸ್ಟರ್, ಇವತ್ತು ಬೆಳಿಗ್ಗೆಯಿಂದ ನೀವು 'ಗೊತ್ತಿಲ್ಲ, ನೋಡಿ ಹೇಳ್ತೀನಿ' ಅಂತ ಎಷ್ಟು ಸಲ ಅಂದ್ರಿ, ಗೊತ್ತಾ?"

"ಗೊತ್ತಿಲ್ಲ," ಎಂದೆ.

ಅವಳು ಸಿಡಿದದ್ದಕ್ಕೆ ಹೆರಿಗೆ ವಾರ್ಡಿನ ಹಸುಗೂಸುಗಳೆಲ್ಲ ಎಚ್ಚೆತ್ತವು. ಇದರಲ್ಲಿ ನಗುವಂಥದ್ದೇನಿತ್ತೋ. ಈಗಿನ ಹುಡುಗಿಯರು.

ಜುಲೈ 20, ಶನಿವಾರ

ಮಗುವನ್ನು ತಪಾಸಣೆಗೆ ಕರೆತಂದಿದ್ದರು. ಮಗು ಗಟ್ಟಿಮುಟ್ಟು. ಬಾಡಿದ್ದು ತಾಯಿ. ಅವಳ ಅತ್ತೆ ಬೆಂಚಿನ ಮೇಲಿದ್ದವರಿಗೆಲ್ಲ ಹೇಳುತ್ತಿದ್ದರು, "ಮಾತ್ರೆ ದಿಂಬಿನ ಪಕ್ಕ ಇಟ್ಕೊಂಡಿದ್ಳು. ಮಗು ಸಾಕೋಕೆ ಬರಬೇಡ್ವಾ?" ಹುಡುಗಿ ನೆಲ ನೋಡುತ್ತ ಕುಳಿತಿದ್ದಳು.

ಆ ಅತ್ತೆಯ ಪಕ್ಕ ಹೋಗಿ ಕುಳಿತೆ. "ಅಮ್ಮಾ, ಮಾತ್ರೆ ಕೊಟ್ಟಿದ್ದು ನಾನು. ಮಗೂಗೆ ಸಿಗದ ಹಾಗೆ ಎತ್ತಿಡು ಅಂತ ನಾನು ಹೇಳ್ಲಿಲ್ಲ. ನನಗೇ ತಿಳೀದಿದ್ದದ್ದು ಇವಳಿಗೆ ಹೇಗೆ ತಿಳಿಯುತ್ತೆ? ವಾಂತಿ ನಿಂತ್ರೂ ಸಮಾಧಾನ ಆಗ್ದೆ ಓಡಿ ಬಂದ್ಳಲ್ಲ, ಅದಕ್ಕೇ ನಿಮ್ಮ ಮೊಮ್ಮಗಳು ಇಲ್ಲಿ ನನ್ನ ಪೆನ್ನು ತಿಂತಿದಾಳೆ."

ಆಕೆ ಪೆನ್ನು ಕಿತ್ತುಕೊಂಡರು. ಒರೆಸಿ ನನ್ನ ಕೈಗಿಟ್ಟರು.

ಆಮೇಲೆ ಹುಡುಗಿಯನ್ನು ಒಳಗೆ ಕರೆದು ಫೋನು ತೆರೆದು ನಮ್ಮ ಮಾತಿನಲ್ಲಿ ಒಂದೊಂದೇ ಸಾಲು ಹೇಳಿದೆ. ಅವಳು ತಲೆ ಎತ್ತಿದಳು. ಪ್ರಶ್ನೆಯ ಮೇಲೆ ಪ್ರಶ್ನೆ. ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಾದದ್ದು ಕೈಯಲ್ಲಿರುವ ಮಗುವಿಗೆ ಹೇಗೆ ಕೆಟ್ಟದ್ದು? ನಾನು ಮಾತ್ರೆ ಬಿಡಬೇಕಾ? (ಬಿಡಬಾರದು, ಎತ್ತರದಲ್ಲಿ ಇಟ್ಟು ತಪ್ಪದೆ ನುಂಗು ಎಂದೆ.) ಕೊನೆಗೆ, "ಮಕ್ಕಳಿಗೆ ಆಗಲ್ಲ ಅಂದ್ರೆ, ಮಿಠಾಯಿ ತರ ಕೆಂಪಗೆ ಸಿಹಿಯಾಗಿ ಯಾಕೆ ಮಾಡ್ತಾರೆ ಸಿಸ್ಟರ್?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಫೋನಿನಲ್ಲಿ ಹುಡುಕಿದೆ, ಅದರಲ್ಲೂ ಉತ್ತರ ಸಿಗಲಿಲ್ಲ.

ಆಗಸ್ಟ್ 14, ಬುಧವಾರ

ಫೋನು ಕೊಟ್ಟವರು ಬಂದಿದ್ದರು. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. ನನ್ನ ಸರದಿ ಬಂದಾಗ, ವಾಪಸ್ ಒಯ್ಯುವ ಮಾತೆತ್ತಿದರೆ ಜೇಬಿನಿಂದ ಕೊಡಬಾರದೆಂದು ಗಟ್ಟಿಮಾಡಿಕೊಂಡೇ ಹೋಗಿದ್ದೆ. ಅಷ್ಟು ದೂರ ಹೋಗಲಿಲ್ಲ. ಫೋನುಗಳು ಇಲ್ಲೇ ಉಳಿಯುತ್ತವೆ.

"ಇನ್ನೇನು ಬದಲಾಯಿಸಬೇಕು?" ಎಂದು ಕೇಳಿದರು.

"ಇದು ನಮಗೆ ಹೇಳುತ್ತೆ. ತಾಯಂದಿರಿಗೆ ಹೇಳೋಕೆ ನಮ್ಮ ಭಾಷೇಲಿ ನಾಲ್ಕು ಮಾತು ಬೇಕು," ಎಂದೆ.

"ನೀವೇ ಬರೆದುಕೊಡಿ, ಹಾಕ್ತೀವಿ," ಎಂದುಬಿಟ್ಟರು. ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡಂತಾಯಿತು.

ಸಂಜೆ ಎಲ್ಲರೂ ಸೇರಿ ಬರೆದೆವು. 'ಗರ್ಭಿಣಿಯರು ಕಬ್ಬಿಣಾಂಶದ ಗುಳಿಗೆಗಳನ್ನು ಶಿಶುಗಳ ಕೈಗೆಟುಕದ ಸುರಕ್ಷಿತ ಸ್ಥಳದಲ್ಲಿ ಸಂರಕ್ಷಿಸತಕ್ಕದ್ದು.' ಹುಣ್ಣು ಮಾಯ್ದು ನಾಳೆ ಮನೆಗೆ ಹೊರಡಲಿರುವ ತಾತನಿಗೆ ಓದಿ ತೋರಿಸಿದೆ.

"ಇದು ಯಾರಿಗೆ? ಬಸುರಿಯರಿಗೋ, ಕೋರ್ಟಿಗೋ?" ಎಂದರು.

ಹರಿದು ಹಾಕಿದೆವು. ಇನ್ನೂ ನಾಲ್ಕು ಸಲ ಬರೆದೆವು, ನಾಲ್ಕು ಸಲವೂ ತಾತ ಮೂಗು ಮುರಿದರು. ಯಾರಾದರೂ ತಾಯಂದಿರನ್ನೇ ಕೇಳುವುದು ವಾಸಿ.

ಆಗಸ್ಟ್ 22, ಗುರುವಾರ

ಬಸುರಿಯರ ತಪಾಸಣೆಯ ದಿನ. ವರಾಂಡದ ಬೆಂಚುಗಳು ಸಾಲದೆ ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಇಂಜೆಕ್ಷನ್ ತಟ್ಟೆ ಹಿಡಿದು ಆ ಕಡೆಗೆ ಹೊರಟೆ. ಮಾಮೂಲಿನ ಗದ್ದಲವಿಲ್ಲ. ಒಂದೇ ಒಂದು ದನಿ.

ಅವಳೇ. ತುಂಬಿದ ಹೊಟ್ಟೆ, ತೊಡೆಯ ಮೇಲೆ ಮಗಳು, ಕೈಯಲ್ಲಿ ಕೆಂಪು ಮಾತ್ರೆಯ ಪಟ್ಟಿ. ಸುತ್ತ ಹೆಂಗಸರು. ಬರೆದುಕೊಡುತ್ತೀಯಾ ಎಂದು ನಾನಿನ್ನೂ ಅವಳನ್ನು ಕೇಳಿಯೇ ಇರಲಿಲ್ಲ.

"ದಿನಾ ನುಂಗಿ, ಬಿಡಬೇಡಿ. ಆದ್ರೆ ಎಲ್ಲಿ ಇಡ್ತೀರಿ? ದಿಂಬಿನ ಹತ್ರ ಬೇಡ. ಡಬ್ಬಿ ಸಂದಿ ಬೇಡ. ಮಗು ಕುರ್ಚಿ ಹತ್ತಿದ್ರೂ ಸಿಗಬಾರದು. ಇವಕ್ಕೆ ಇದು ಮಿಠಾಯಿ ಕಣ್ರೀ, ಮಿಠಾಯಿ!"

"ಒಂದು ತಿಂದ್ರೂನಾ?" ಎಂದು ಯಾರೋ ಕೇಳಿದರು.

"ಎಷ್ಟು ತಿಂತು ಅಂತ ಎಣಿಸ್ಕೊಂಡು ಕೂರ್ತೀರಾ? ಎತ್ಕೊಂಡು ಬನ್ನಿ. ವಾಂತಿ ಮಾಡುತ್ತೆ, ಆಮೇಲೆ ನಗುತ್ತೆ, ಆಡುತ್ತೆ. ಆ ನಗು ನಂಬಬೇಡಿ. ನಾನು ನೋಡಿದೀನಿ ಆ ನಗು."

ಪಕ್ಕದಲ್ಲಿದ್ದ ಅವಳ ಅತ್ತೆ, "ನಂಬಬೇಡಿ," ಎಂದು ತಲೆ ತೂಗಿದರು, ಮೊದಲಿನಿಂದ ತಾವೇ ಹೇಳಿಕೊಟ್ಟವರ ಹಾಗೆ.

"ಡಾಕ್ಟರ್ ಇಲ್ದಿದ್ರೆ?"

"ಸಿಸ್ಟರ್ ಇರ್ತಾರಲ್ಲ."

"ಸಿಸ್ಟರೇ ಏನೂ ಆಗಿಲ್ಲ ಹೋಗಿ ಅಂದ್ರೆ?"

ನಾನು ಬಾಗಿಲ ಮರೆಯಲ್ಲೇನೂ ಇರಲಿಲ್ಲ, ಎದುರಿಗೇ ನಿಂತಿದ್ದೆ. ಅವಳು ನನ್ನನ್ನು ನೋಡಿದಳು. ನಾನೂ ಅವಳೇನು ಹೇಳುತ್ತಾಳೋ ಎಂದು ಕಾಯುತ್ತಿದ್ದೆ.

"'ಇನ್ನೊಂದ್ಸಲ ನೋಡಿ ಸಿಸ್ಟರ್' ಅನ್ನಿ," ಎಂದಳು. "ಅವತ್ತು ನನಗೆ ಬಾಯಿ ಬರಲಿಲ್ಲ. ನೀವು ಕೇಳಿ. ಕೇಳಿದ್ರೆ ನೋಡ್ತಾರೆ."

"ನೋಡ್ತೀವಿ," ಎಂದೆ.

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಇನ್ನೂ ಏನಾದರೂ ಹೇಳೋಣವೆಂದು ಗಂಟಲು ಸರಿಮಾಡಿಕೊಂಡೆ.

"ಸಿಸ್ಟರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಎಂದಳು ಅವಳು, ಮಾತ್ರೆಯ ಪಟ್ಟಿಯನ್ನು ಮೇಲೆತ್ತಿ ಹಿಡಿದು. "ಹಿಂದಿನವರಿಗೆ ಕಾಣಿಸ್ತಿಲ್ಲ."

ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಂತೆ.